ಸಾಲಿನ ನಡುವೆ ನಿಂತ ಇಮಾಮ್

ಹೆಂಗಸು ನಮಾಝಿಗೆ ಇಮಾಮ್ ಆಗಬಹುದೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಮದೀನಾದ ಉಮ್ಮು ವರಖಾ ಅವರ ಹೆಸರನ್ನು. ಕುರ್‌ಆನ್ ಬಲ್ಲ ಹೆಣ್ಣುಮಗಳು. ಬದ್ರ್ ಯುದ್ಧಕ್ಕೆ ತಾನೂ ಬಂದು ಗಾಯಾಳುಗಳ ಆರೈಕೆ ಮಾಡುತ್ತೇನೆಂದು ಪ್ರವಾದಿ(ಸ) ಅವರಲ್ಲಿ ಕೇಳಿಕೊಂಡವರು. ಪ್ರವಾದಿಯವರು ಆಕೆಯ ಮನೆಗೆ ಬಾಂಗ್ ಕೊಡುವವರೊಬ್ಬರನ್ನು ನೇಮಿಸಿ, ಮನೆಮಂದಿಗೆಲ್ಲ ನೀನೇ ನಮಾಝ್ ಮಾಡಿಸು ಎಂದರೆಂದು ಅಬೂ ದಾವೂದ್ ಅವರ ಹದೀಸ್ ಸಂಗ್ರಹ ಹೇಳುತ್ತದೆ. ಬಾಂಗ್ ಕೊಡುತ್ತಿದ್ದವರು ಒಬ್ಬ ಮುದುಕರು. ಅವರು ಆಕೆಯ ಹಿಂದೆ ನಮಾಝಿಗೆ ನಿಂತರೇ, ಬಾಂಗ್ ಕೊಟ್ಟು ಮಸೀದಿಗೆ ಹೋದರೇ? ವಿದ್ವಾಂಸರ ವಾದ ಇಂದಿಗೂ ಮುಗಿದಿಲ್ಲ.

ಹೆಂಗಸರಷ್ಟೇ ಸೇರಿದಾಗ ಇಷ್ಟು ಗೊಂದಲವಿಲ್ಲ. ಪ್ರವಾದಿಯವರ ಪತ್ನಿಯರಾದ ಆಯಿಷಾ ಮತ್ತು ಉಮ್ಮು ಸಲಮಾ ಹೆಂಗಸರಿಗೆ ನಮಾಝ್ ಮಾಡಿಸಿದ ವರದಿಗಳಿವೆ. ಗಂಡಸು ಇಮಾಮರಂತೆ ಮುಂದೆ ಹೋಗದೆ, ಸಾಲಿನ ನಡುವೆಯೇ ನಿಂತು ಮಾಡಿಸಿದರು. ಸುನ್ನಿಗಳ ನಾಲ್ಕು ಪಂಥಗಳಲ್ಲಿ ಶಾಫಿಈ, ಹಂಬಲಿ ಪಂಥಗಳು ಇದನ್ನು ಒಪ್ಪುತ್ತವೆ. ಹನಫಿಗಳಿಗೆ ಇದು ಅಷ್ಟು ಹಿತವಲ್ಲ, ಮಾಲಿಕಿಗಳು ಒಪ್ಪುವುದೇ ಇಲ್ಲ. ಗಂಡಸರಿಗೆ ಹೆಂಗಸು ಇಮಾಮ್ ಆಗಬಾರದೆಂಬುದು ಮಾತ್ರ ನಾಲ್ಕೂ ಪಂಥಗಳ ನಿಲುವು. ಅಬೂ ಸೌರ್, ತಬರಿ ಅವರಂಥ ಹಿರಿಯ ವಿದ್ವಾಂಸರು ಅದಕ್ಕೂ ಅಡ್ಡಿಯಿಲ್ಲ ಎಂದಿದ್ದರೆಂಬುದನ್ನು 12ನೇ ಶತಮಾನದ ಇಬ್ನ್ ರುಶ್ದ್ ಬರೆದಿಟ್ಟಿದ್ದಾರೆ.

ಕರಾವಳಿಯ ನಾವು ಬ್ಯಾರಿಗಳು ಶಾಫಿಈ ಪಂಥದವರು. ನನ್ನ ಉಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಮಝಾನಿನ ರಾತ್ರಿ ಗಂಡಸರೆಲ್ಲ ತರಾವೀಹ್‌ಗೆಂದು ಪಳ್ಳಿಗೆ, ಅಂದರೆ ಮಸೀದಿಗೆ, ಹೋದ ಮೇಲೆ ಅಕ್ಕಪಕ್ಕದ ಮನೆಯ ಹೆಂಗಸರು ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಚಾಪೆ ಹಾಸಿ, ಭುಜಕ್ಕೆ ಭುಜ ತಾಗಿಸಿ ನಿಂತರೆ ನಡುವೆ ಉಮ್ಮ. “ಉಸ್ತಾದರು ಮುಂದೆ ನಿಲ್ಲುತ್ತಾರಲ್ಲ, ನೀವ್ಯಾಕೆ ಇಲ್ಲಿ?” ಎಂದು ಕೇಳಿದ್ದೆ. “ಆಯಿಷಾ ಬೀವಿ ನಿಂತದ್ದೂ ಹೀಗೆಯೇ ಮಗಳೇ” ಎಂದರು. ಅವರಿಗೆ ಅದನ್ನು ಹೇಳಿಕೊಟ್ಟದ್ದು ಅವರ ಉಮ್ಮ. ಇಷ್ಟೆಲ್ಲ ಬಲ್ಲ ನನ್ನ ಉಮ್ಮನನ್ನು ಯಾರೂ ಇಮಾಮ್ ಎನ್ನಲಿಲ್ಲ ಎಂಬ ನೋವು ನನಗೆ ಈಗಲೂ ಇದೆ.

ಚೀನಾದಲ್ಲಿ ಹಾಗಲ್ಲ. ಹೆನಾನ್ ಪ್ರಾಂತ್ಯದ ಕೈಫೆಂಗ್ ನಗರದಲ್ಲಿ ಹುಯಿ ಮುಸ್ಲಿಮರು 19ನೇ ಶತಮಾನದಿಂದಲೇ ಹೆಂಗಸರಿಗೆಂದು ಬೇರೆ ಮಸೀದಿಗಳನ್ನು ಕಟ್ಟಿಕೊಂಡಿದ್ದಾರೆ. ಅಲ್ಲಿ ಕುರ್‌ಆನ್ ಕಲಿಸುವವರು, ನಮಾಝ್ ಮಾಡಿಸುವವರು, ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವರು ಎಲ್ಲ ಹೆಂಗಸರೇ. ಅವರನ್ನು ‘ಅಹೊಂಗ್’ ಎಂದೇ ಕರೆಯುತ್ತಾರೆ. ಗಂಡಸು ಇಮಾಮರಿಗೂ ಅಲ್ಲಿ ಅದೇ ಹೆಸರು. ನಮಾಝಿನಲ್ಲಿ ಈ ಅಹೊಂಗರೂ ನಿಲ್ಲುವುದು ಸಾಲಿನಲ್ಲಿಯೇ.

2005ರ ಮಾರ್ಚ್ 18ರಂದು ನ್ಯೂಯಾರ್ಕ್‌ನಲ್ಲಿ ಇಸ್ಲಾಮಿ ವಿದ್ವಾಂಸೆ ಆಮಿನಾ ವದೂದ್ ಗಂಡು ಹೆಣ್ಣು ಕೂಡಿದ ನೂರಕ್ಕೂ ಹೆಚ್ಚು ಜನರಿಗೆ ಶುಕ್ರವಾರದ ಜುಮಾ ನಮಾಝ್ ಮಾಡಿಸಿದಾಗ ಜಗತ್ತಿನೆಲ್ಲೆಡೆ ಗದ್ದಲವೆದ್ದಿತು. ಮಸೀದಿಗಳು ಜಾಗ ಕೊಡದ ಕಾರಣ ಆ ನಮಾಝ್ ನಡೆದದ್ದು ಚರ್ಚಿಗೆ ಸೇರಿದ ಕಟ್ಟಡದಲ್ಲಿ. 2018ರ ಜನವರಿಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಜಮೀದಾ ಎಂಬ ಮಹಿಳೆ ಜುಮಾ ಮಾಡಿಸಿದಾಗ ಬೆದರಿಕೆಗಳು ಬಂದವು. ಬೆದರಿಸಿದವರು ಉಮ್ಮು ವರಖಾರ ಹದೀಸನ್ನು ಒಮ್ಮೆ ಓದಬೇಕಿತ್ತು. ಒಪ್ಪದಿದ್ದರೂ ಚಿಂತೆಯಿಲ್ಲ, ಹಿರಿಯ ವಿದ್ವಾಂಸರು ಭಿನ್ನವಾಗಿ ನುಡಿದ ವಿಷಯವಿದು.

ಆ ವಾದ ನಡೆಯುತ್ತಿರಲಿ. ಯಾರ ತಕರಾರೂ ಇರಬಾರದ ಹಕ್ಕೇ ನಮ್ಮ ಹೆಚ್ಚಿನ ಊರುಗಳಲ್ಲಿ ಹೆಂಗಸರಿಗೆ ದಕ್ಕಿಲ್ಲ. ಹೆಂಗಸರಿಗೆ ಮಸೀದಿ ಪ್ರವೇಶ ಬೇಕು ಎಂದದ್ದಕ್ಕೆ 2000ದಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಬಹಿಷ್ಕಾರ ಎದುರಿಸಿದರು. ಇಪ್ಪತ್ತು ವರ್ಷಗಳ ಬಳಿಕ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟು, ಹೆಂಗಸರು ಮಸೀದಿಗೆ ಬಂದು ನಮಾಝ್ ಮಾಡಲು ಧರ್ಮದ ತಡೆಯಿಲ್ಲ ಎಂದಿತು.

ಜಮಾಅತ್ ಕಮಿಟಿಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಬರುವ ರಮಝಾನಿಗೆ ಮುಂಚೆ ನಿಮ್ಮ ಪಳ್ಳಿಯಲ್ಲಿ ಹೆಂಗಸರಿಗೆ ಒಂದು ಕೋಣೆ, ನಮಾಝಿಗೆ ಮುನ್ನ ಕೈಕಾಲು ತೊಳೆದು ವುಝೂ ಮಾಡಲು ನಾಲ್ಕು ನಳ್ಳಿ ಮಾಡಿಸಿಕೊಡಿ. ಕುರ್‌ಆನ್ ಚೆನ್ನಾಗಿ ಬಲ್ಲ ಹೆಂಗಸರು ನಿಮ್ಮ ಊರಲ್ಲೇ ಇದ್ದಾರೆ. ಅವರನ್ನು ಹೆಸರು ಹಿಡಿದು ಕರೆದು, ತರಾವೀಹ್ ಮಾಡಿಸಿ ಎಂದು ಹೇಳಿ.