ಎಣ್ಣಿ ತುಂಬೋರು ಯಾರು?

ರಾಣೆಬೆನ್ನೂರು ಸೀಮೆಯ ಗೋವಿನಜೋಳದ ಹೊಲದ ಬದುವಿನಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಡ್ರೋನ್ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಇಳಿದಿತ್ತು. ಹೊಲದ ಹಿರಿಯರು ಕೇಳಿದರು: ‘ತಮ್ಮಾ, ಇಂಥಾವು ಮೂರು ಕೊಟ್ರ ಒಬ್ನ ಹಾರಸ್ತೀಯೇನು?’ ಹುಡುಗ ಬಿಸಿ ಬ್ಯಾಟರಿ ಕಳಚುತ್ತಲೇ ಅಂದ: ‘ಹಾರಸ್ತೀನಿ ಕಾಕಾ. ಎಣ್ಣಿ ತುಂಬೋರು ಯಾರು?’

2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಂಡ ಫಾಲ್ ಆರ್ಮಿವರ್ಮ್ ಎಂಬ ಲದ್ದಿಹುಳು ನಮ್ಮ ಹೊಲಗಳಿಗೂ ಬಂದ ಮೇಲೆ, ಆಳೆತ್ತರದ ಪೈರಿನೊಳಗೆ ಪಂಪು ಹೊತ್ತು ನಡೆಯುವ ಕಷ್ಟ ಎಲ್ಲರಿಗೂ ಗೊತ್ತು. ಹುಡುಗನ ಪ್ರಶ್ನೆ ಅದಕ್ಕಿಂತ ಆಳದ್ದು. ಅಮೆರಿಕದ ಸಂಶೋಧಕರಾದ ಓಲ್ಸೆನ್ ಮತ್ತು ಗುಡ್‌ರಿಚ್ 2003ರಲ್ಲಿ, ಒಬ್ಬರು ಎಷ್ಟು ರೋಬಾಟ್ ನಿಭಾಯಿಸಬಹುದು ಎಂಬುದಕ್ಕೊಂದು ಲೆಕ್ಕ ಕೊಟ್ಟರು, ‘ಫ್ಯಾನ್ ಔಟ್’ ಅಂತ. ರೋಬಾಟನ್ನು ಅದರ ಪಾಡಿಗೆ ಬಿಡಬಹುದಾದ ಹೊತ್ತನ್ನು ಅದಕ್ಕೆ ನಾವು ಕೊಡಬೇಕಾದ ಹೊತ್ತಿನಿಂದ ಭಾಗಿಸಿ, ಒಂದು ಕೂಡಿಸಬೇಕು. ಹಾರಾಟ ಏಳು ನಿಮಿಷ, ಎಣ್ಣೆ ತುಂಬಿ ಬ್ಯಾಟರಿ ಬದಲಿಸಲು ಮೂರೂವರೆ ನಿಮಿಷ ಅಂದುಕೊಳ್ಳಿ: ಒಬ್ಬರಿಗೆ ಮೂರು ಡ್ರೋನ್. ತುಂಬಲು ಬೇರೆ ಕೈಗಳಿದ್ದು ಹುಡುಗನಿಗೆ ಒಂದೇ ನಿಮಿಷದ ಕೆಲಸ ಉಳಿದರೆ, ಎಂಟು!

2024ರ ಮೈಸೂರು ದಸರೆಯಲ್ಲಿ 1,500 ಡ್ರೋನ್ ಹಾರಿದವಲ್ಲ ಎನ್ನಬಹುದು. ಅಲ್ಲಿ ಪ್ರತಿಯೊಂದರ ದಾರಿಯೂ ಮೊದಲೇ ಬರೆದಿಟ್ಟದ್ದು. ನನಗೆ ಅದಕ್ಕಿಂತ ಪ್ರೀತಿ ಹಾರ್ವರ್ಡ್‌ನ ಕಿಲೋಬಾಟ್‌ಗಳ ಮೇಲೆ. ರಾಧಿಕಾ ನಾಗಪಾಲ್ ತಂಡ 2014ರಲ್ಲಿ 1,024 ಪುಟ್ಟ ರೋಬಾಟ್‌ಗಳಿಂದ ನಕ್ಷತ್ರದ ಆಕಾರ ಕಟ್ಟಿಸಿತು. ಒಂದೊಂದೂ 33 ಮಿಲಿಮೀಟರ್ ಅಗಲ, ಸೆಟೆದ ತಂತಿಯಂಥ ಮೂರು ಕಾಲು, ನಡುಗುತ್ತಲೇ ನಡಿಗೆ. ಮಾತು ಅಕ್ಕಪಕ್ಕದವುಗಳೊಂದಿಗೆ ಮಾತ್ರ. ಒಂದು ಆಕಾರಕ್ಕೆ ಹೆಚ್ಚುಕಡಿಮೆ ಅರ್ಧ ದಿನ ಬೇಕು. ಆದರೆ ಜಾಣತನ ಇರುವುದು ಆರೈಕೆಯಲ್ಲಿ: ಆಜ್ಞೆ ಮೇಲಿನಿಂದ ಇನ್‌ಫ್ರಾರೆಡ್ ಬೆಳಕಿನಲ್ಲಿ ಎಲ್ಲಕ್ಕೂ ಒಮ್ಮೆಗೇ, ಚಾರ್ಜೂ ಸಾಮೂಹಿಕವೇ. ಒಂದೊಂದಕ್ಕೂ ಕೈಹಾಕುವಂತಿದ್ದರೆ ಸಾವಿರ ಸಾಧ್ಯವೇ ಇರಲಿಲ್ಲ. ನಮ್ಮ ಹುಡುಗ ಬದುವಿನಲ್ಲಿ ನಿಂತು ಹೇಳಿದ್ದೂ ಇದನ್ನೇ. ಎಣ್ಣೆ ತಾನೇ ತುಂಬಿಕೊಳ್ಳುವ, ಬ್ಯಾಟರಿ ತಾನೇ ಬದಲಾಗುವ ಕಟ್ಟೆಯೊಂದು ಬದುವಿಗೆ ಬರುವವರೆಗೆ ಆಕಾಶದಲ್ಲಿ ಮೂರರ ಮೇಲೆ ಡ್ರೋನ್ ಹೆಚ್ಚಿಸಿ ಫಲವಿಲ್ಲ.

ಬಯಲು ಗೋವಿನಜೋಳಕ್ಕೆ ಮೂರರ ಲೆಕ್ಕವನ್ನು ನಂಬುತ್ತೇನೆ. ಬ್ಯಾಡಗಿ ಕಡೆ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಕೂಡಿಸಿ ಬೆಳೆಯುವ ತುಂಡು ಹೊಲಗಳಿಗೆ ನಂಬಲಾರೆ. ಆ ಸೂತ್ರದಲ್ಲಿ ರೋಬಾಟ್‌ಗಳು ಸರದಿಯಂತೆ ನಮ್ಮನ್ನು ಕರೆಯುತ್ತವೆ. ಆದರೆ ಗಾಳಿ ತಿರುಗಿದರೆ ಮೂರೂ ಒಂದೇ ಕ್ಷಣಕ್ಕೆ ಕರೆಯುತ್ತವೆ. ಹಾವೇರಿ ಜಿಲ್ಲೆಯಲ್ಲಿ ರೇಷ್ಮೆ ಸಾಕುವವರೂ ಇದ್ದಾರೆ. ಪಕ್ಕದ ಹಿಪ್ಪುನೇರಳೆ ಮೇಲೆ ಎಣ್ಣೆಯ ಹನಿ ಬಿದ್ದರೆ ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಅಂಥ ಕಡೆ ಒಬ್ಬರಿಗೆ ಒಂದೇ ಡ್ರೋನ್ ಇರಲಿ, ಬದುವಿನಲ್ಲಿ ಗಾಳಿ ನೋಡಲು ಇನ್ನೊಬ್ಬರು ನಿಲ್ಲಲಿ.