ಪೆಟ್ಟಿಗೆಯಲ್ಲಿ ರಿವಾಲ್ವರ್ ಇದೆ, ಕೈಗೆ ಅಭ್ಯಾಸ ಇದೆಯಾ? ಲೈಸೆನ್ಸ್‌ದಾರರು ತಮಗೆ ತಾವೇ ಇಟ್ಟುಕೊಳ್ಳಬೇಕಾದ ಪರೀಕ್ಷೆ

ಸಾಗರ: ಮಲೆನಾಡಿಗೆ ಕೋವಿ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳಿವೆ. ಮಂಗ, ಹಂದಿ ಓಡಿಸಲು ಒಂದು ಈಡು ಹೊಡೆದವರಿಗೆ ಅದರ ಸದ್ದು, ಭಾರ, ಭುಜಕ್ಕೆ ಬೀಳುವ ಪೆಟ್ಟು ಎಲ್ಲ ಗೊತ್ತು. ಆದರೆ ಆತ್ಮರಕ್ಷಣೆಗೆ ಅಂತ ತಗೊಳ್ಳುವ ಸಣ್ಣ ರಿವಾಲ್ವರ್ ಕಥೆ ಬೇರೆ. ನಗದು ಹಿಡಿದು ಓಡಾಡುವ ವ್ಯಾಪಾರಿಗಳು, ಬಂಗಾರದ ಅಂಗಡಿಯವರು, ಒಂಟಿ ಮನೆಯವರು ಅರ್ಜಿ ಹಾಕುತ್ತಾರೆ. ಲೈಸೆನ್ಸ್ ಸಿಗುವವರೆಗೆ ಓಡಾಟವೋ ಓಡಾಟ. ಸಿಕ್ಕ ಮೇಲೆ ರಿವಾಲ್ವರ್ ಬೀರು ಸೇರುತ್ತದೆ. ವರ್ಷ ಕಳೆದರೂ ಒಂದು ಗುಂಡು ಹಾರಿರುವುದಿಲ್ಲ.

ಲೈಸೆನ್ಸ್ ಕೇಳುವಾಗ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿ ಮುಗಿಸಬೇಕು. ಹಿಡಿಯುವುದು ಹೇಗೆ, ಹಾರಿಸುವುದು ಹೇಗೆ, ಇಡುವುದು ಎಲ್ಲಿ ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಆದರೆ ಆ ತರಬೇತಿ ಶುರುವಿನದು. 2019ರ ತಿದ್ದುಪಡಿ ನಂತರ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ನಡುವಿನ ಐದು ವರ್ಷ ಕೈ ಹೇಗಿದೆ ಅಂತ ನೋಡುವ ಜವಾಬ್ದಾರಿ ಇಟ್ಟುಕೊಂಡವರದ್ದೇ.

ಸಣ್ಣದು ಅಂದರೆ ಸುಲಭ ಅಲ್ಲ

ನಮ್ಮಲ್ಲಿ ಸಾಮಾನ್ಯರಿಗೆ ಸಿಗುವ ರಿವಾಲ್ವರ್ ಹೆಚ್ಚಾಗಿ .32 ಅಳತೆಯದ್ದು. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವಂಥದ್ದು, ಆರು ಗುಂಡಿನದ್ದು. ದೆಹಲಿಯ 2012ರ ಘಟನೆಯ ನಂತರ, 2014ರಲ್ಲಿ, ಮಹಿಳೆಯರ ರಕ್ಷಣೆಗೆ ಅಂತ ‘ನಿರ್ಭೀಕ್’ ಹೆಸರಿನ ಹಗುರ ರಿವಾಲ್ವರ್ ಕೂಡ ಅಲ್ಲಿಂದಲೇ ಬಂತು. ತೂಕ ಸುಮಾರು ಅರ್ಧ ಕೆ.ಜಿ., ಬೆಲೆ ಆಗ 1.22 ಲಕ್ಷ ರೂ.

ಹಗುರ ಇದ್ದಷ್ಟೂ ಕೈಯಲ್ಲಿ ಹಾರುವುದು ಜಾಸ್ತಿ. ಹಿಡಿ ಚಿಕ್ಕದು. ಕುದುರೆ ಎತ್ತದೆ ನೇರ ಟ್ರಿಗರ್ ಎಳೆದರೆ ಅದು ಗಟ್ಟಿ, ದೂರ ಎಳೆಯಬೇಕು, ಎಳೆಯುವಾಗ ನಳಿಗೆಯೇ ಪಕ್ಕಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಗುರಿಕಟ್ಟಿನದ್ದು. ಹಿಂದಿನ ಗುರಿಕಟ್ಟಿಗೂ ಮುಂದಿನದ್ದಕ್ಕೂ 10 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಮುಂದಿನ ತುದಿ ಬರೀ 1 ಮಿ.ಮೀ. ಸರಿದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂ.ಮೀ. ಆಚೆ ಬೀಳುತ್ತದೆ. ತೋಟದ ಕೋವಿಯಲ್ಲಿ ಆ ಅಂತರ 70 ಸೆಂ.ಮೀ. ಇದ್ದರೆ ಅದೇ ತಪ್ಪಿಗೆ ಬರೀ 1 ಸೆಂ.ಮೀ. ವ್ಯತ್ಯಾಸ. ‘ಕೋವಿ ಹೊಡೆದು ಅಭ್ಯಾಸ ಇದೆ, ಇದೇನು ಮಹಾ’ ಅನ್ನುವವರು ಈ ಲೆಕ್ಕ ಒಮ್ಮೆ ನೋಡಬೇಕು.

ತಪ್ಪಿದ ಗುಂಡು ಎಲ್ಲಾದರೂ ಹೋಗಿ ನಿಲ್ಲಲೇಬೇಕು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಒಳಗಿನ ಗೋಡೆ ಎಷ್ಟೋ ಕಡೆ ಬರೀ ಹಲಗೆ. ಆಚೆ ಕೋಣೆಯಲ್ಲಿ ಮಕ್ಕಳು, ಜಗಲಿಯಲ್ಲಿ ಅಜ್ಜ ಮಲಗಿರುತ್ತಾರೆ. ಪೇಟೆಯ ಅಂಗಡಿಯಾದರೆ ಎದುರು ರಸ್ತೆ, ರಸ್ತೆಯಾಚೆ ಇನ್ನೊಂದು ಅಂಗಡಿ.

ಅಳತೆಗೋಲು ಹೇಗಿರಬೇಕು?

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಕಾಯಿ ಒಡೆಯಿತು ಅಥವಾ ಇಲ್ಲ. ನಡುವೆ ‘ಹತ್ತಿರ ಹೋಗಿತ್ತು ಮಾರಾಯ’ ಅನ್ನೋದಕ್ಕೆ ಜಾಗ ಇಲ್ಲ. ಒಲಿಂಪಿಕ್ಸ್‌ನ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲ್‌ನಲ್ಲೂ ಹಾಗೇ, ಕೊನೇ ಸುತ್ತಿಗೆ 4 ಸೆಕೆಂಡಲ್ಲಿ 5 ಗುರಿಗೆ 5 ಗುಂಡು. ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಅಷ್ಟು ಪರಿಣತಿ ಯಾರಿಗೂ ಬೇಡ. ಆದರೆ ಗುರಿಯ ಗಾತ್ರ, ದೂರ, ಗುಂಡಿನ ಲೆಕ್ಕ, ಸಮಯ ಈ ನಾಲ್ಕೂ ಮೊದಲೇ ನಿಗದಿ ಆಗಿರಬೇಕು. ಹೊಡೆದಾದ ಮೇಲೆ ಗುರಿ ಸುತ್ತ ಗೆರೆ ಎಳೆಯುವ ಹಾಗಿಲ್ಲ.

ಉದಾಹರಣೆಗೆ ಹೀಗೆ ಮಾಡಬಹುದು. ಗುರಿ ಊಟದ ತಟ್ಟೆಯಷ್ಟು, ಅಂದರೆ 20 ಸೆಂ.ಮೀ. ಅಗಲದ ಕಾಗದ. ಮನೆಯ ಹಾಲ್ ಉದ್ದ ಅಳೆದು ನೋಡಿದರೆ 5ರಿಂದ 7 ಮೀಟರ್ ಇರುತ್ತದೆ, ಆ ದೂರವೇ ಸಾಕು. ಆರು ಗುಂಡು, ನೇರ ಟ್ರಿಗರ್ ಎಳೆದು, ಆರೂ ತಟ್ಟೆ ಒಳಗೆ. ಮೊದಲ ಕೆಲವು ತಿಂಗಳು ಸಮಯ ನೋಡುವುದೇ ಬೇಡ. ಆರಕ್ಕೆ ಆರು ಮೂರು ಸಲ ಬಂದ ಮೇಲೆ ಗಡಿಯಾರ ಇಟ್ಟುಕೊಳ್ಳಿ. ಆರಕ್ಕೆ ಐದು ಬಂದರೆ ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸ್. ಇಲ್ಲಿ ಫೇಲು, ಯಾಕಂದರೆ ಆ ಆರನೇ ಗುಂಡು ಹಲಗೆ ದಾಟಿದೆ.

ಇನ್ನೊಂದು ಮಾತು. ಆ ದಿನದ ಮೊದಲ ಆರನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಪ್ಪತ್ತು ಹೊಡೆದು ಕೈ ಕುದುರಿದ ಮೇಲೆ ಎಲ್ಲರದ್ದೂ ಚೆನ್ನಾಗಿ ಬರುತ್ತದೆ. ರಾತ್ರಿ ಒಂದು ಗಂಟೆಗೆ ಬಾಗಿಲು ಬಡಿದವರು ‘ಮೊದಲು ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ’ ಅಂತ ಕಾಯುವುದಿಲ್ಲ. ಗುಂಡಿನ ಬೆಲೆ, ಲೈಸೆನ್ಸ್‌ನಲ್ಲಿ ಬರೆದ ಮಿತಿ ನೋಡಿದರೂ 12ರಿಂದ 18 ಗುಂಡಿನಲ್ಲಿ ಮುಗಿಯುವ ಪರೀಕ್ಷೆಯೇ ಒಳ್ಳೆಯದು. ದಿನಾಂಕ, ದೂರ, ಆರಕ್ಕೆ ಎಷ್ಟು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಖರೀದಿ ಬಿಲ್ ಜೊತೆ ಅದೂ ಇದ್ದರೆ ಗುಂಡಿನ ಲೆಕ್ಕ ಕೇಳಿದಾಗ ತಡಕಾಡಬೇಕಿಲ್ಲ.

ಫೇಲಾದರೆ? ಮತ್ತೆ ಪಾಸಾಗುವವರೆಗೆ ಸೊಂಟಕ್ಕೆ ಕಟ್ಟದೆ, ಗುಂಡು ತುಂಬದೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು. ಇದು ಕಾನೂನಲ್ಲ, ಯಾರೂ ಬಂದು ನೋಡುವುದೂ ಇಲ್ಲ. ಆದರೆ ಇಷ್ಟನ್ನು ಪಾಲಿಸದವರು ಅಳತೆಗೋಲು ಇಟ್ಟುಕೊಂಡೂ ಪ್ರಯೋಜನ ಇಲ್ಲ.

ತೋಟದಲ್ಲಿ ಹೊಡೆಯಬಹುದಾ?

ಬೇಡ. ವರದಹಳ್ಳಿ ಕಡೆಯನ್ನೇ ನೋಡಿ. ಮನೆಗಳು ದೂರ ದೂರ, ಸುತ್ತ ಕಾಡು, ಯಾರೂ ಇಲ್ಲ ಅನ್ನಿಸುತ್ತದೆ. ಆದರೆ ಶ್ರೀಧರಾಶ್ರಮಕ್ಕೆ ಹೋಗುವ ಭಕ್ತರು, ಸೊಪ್ಪು ತರಲು ಬೆಟ್ಟಕ್ಕೆ ಹೋದವರು, ಮೇಯಲು ಬಿಟ್ಟ ದನ, ಯಾರು ಎಲ್ಲಿರುತ್ತಾರೆ ಅಂತ ಹೇಳಲಾಗದು. .32 ಗುಂಡು ಅಡ್ಡ ಏನೂ ಸಿಗದಿದ್ದರೆ ಒಂದು ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ಶಿಕಾರಿಗೆ ಹೋದಾಗ ಜೊತೆಯವನ ಗುಂಡೇ ತಗುಲಿದ ಸುದ್ದಿ ಮಲೆನಾಡಿನಲ್ಲಿ ಓದದವರು ಯಾರು? ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆ ಅಂತ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಅಂತ 2019ರ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ. ಮದುವೆ ದಿಬ್ಬಣದ ಗುಂಡೂ ಇದರಲ್ಲೇ ಬರುತ್ತದೆ.

ಗುಂಡು ಹಾರಿಸಿ ಅಭ್ಯಾಸ ಅನುಮತಿ ಇರುವ ರೇಂಜ್‌ನಲ್ಲಿ ಮಾತ್ರ. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತದೆ. ಮುಂದಿನದ್ದು ಯಾವಾಗ ಅಂತ ಎಸ್‌ಪಿ ಕಚೇರಿಯಲ್ಲಿ ಕೇಳಬಹುದು.

ರೇಂಜ್ ದೂರ ಆದವರಿಗೆ ಖಾಲಿ ಅಭ್ಯಾಸ ಇದೆ. ಗುಂಡು ಪೂರ್ತಿ ತೆಗೆದು ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಡಬೇಕು. ಗುಂಡಿನ ಮನೆ ಆರೂ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ಎರಡೆರಡು ಸಲ ನೋಡಬೇಕು. ಸಿಕ್ಕರೆ ಡಮ್ಮಿ ತೋಟಾ ಹಾಕಿಕೊಳ್ಳಿ. ಆಚೆ ಯಾರೂ ಇಲ್ಲದ ಜಂಬಿಟ್ಟಿಗೆ ಗೋಡೆ ಕಡೆಗೇ ಹಿಡಿಯಬೇಕು, ಟಿವಿ ಕಡೆಗೋ ಕನ್ನಡಿ ಕಡೆಗೋ ಅಲ್ಲ. ನಳಿಗೆ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆದರೆ ನಾಣ್ಯ ಬೀಳಬಾರದು. ಹತ್ತಕ್ಕೆ ಹತ್ತು ಸಲ. ದಿನಕ್ಕೆ ಹತ್ತು ನಿಮಿಷ ಸಾಕು, ಬೇಜಾರು ಬಂತು ಅಂದರೆ ಅಲ್ಲಿಗೇ ನಿಲ್ಲಿಸಿ.

ಹೊಡೆಯದಿರುವುದೂ ಅಭ್ಯಾಸವೇ

ಕಾಯ್ದೆ ಗೊತ್ತಿಲ್ಲದೆ ಬರೀ ಗುರಿ ಗಟ್ಟಿ ಆದರೆ ಅಪಾಯ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಆತ್ಮರಕ್ಷಣೆ ಹಕ್ಕಿನ ವಿಷಯ ಇದೆ. 37ನೇ ಕಲಂ ಪ್ರಕಾರ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಹಕ್ಕೇ ಹುಟ್ಟುವುದಿಲ್ಲ. ಅಂಗಳದಲ್ಲಿ ಒಣಗಿಸಿದ ಅಡಿಕೆ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಅಡಿಕೆಯೂ ಹೋಗಿ, ಕೊಲೆ ಕೇಸೂ ಆಗುತ್ತದೆ. ಬರೀ ಕಳ್ಳತನಕ್ಕೆ ಜೀವ ತೆಗೆಯುವ ಹಕ್ಕಿಲ್ಲ. ಸಾವು ಅಥವಾ ಗಂಭೀರ ಗಾಯದ ನಿಜವಾದ ಭಯ ಇರಬೇಕು. ಹಾಗಾಗಿ ಅಭ್ಯಾಸದಲ್ಲಿ ರಿವಾಲ್ವರ್ ಎತ್ತಿ, ಗುರಿ ಹಿಡಿದು, ಟ್ರಿಗರ್ ಮುಟ್ಟದೆ ಇಳಿಸುವುದನ್ನೂ ಸೇರಿಸಿಕೊಳ್ಳಬೇಕು.

ಚುನಾವಣೆ ಬಂದಾಗ ಇನ್ನೊಂದು ತಾಪತ್ರಯ. ಠೇವಣಿ ಇಡಲು ಆದೇಶ ಬಂದರೆ ಕೋವಿ, ರಿವಾಲ್ವರ್ ಎಲ್ಲ ಠಾಣೆಗೆ. 2024ರ ಲೋಕಸಭೆ ಚುನಾವಣೆಗೆ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ, ಹೆಚ್ಚು ಕಡಿಮೆ 12 ವಾರ ಇತ್ತು. ಅಷ್ಟು ದಿನ ಕೈ ಬಿಟ್ಟ ಮೇಲೆ ಹಳೇ ನೋಟ್‌ಬುಕ್‌ನ ಆರಕ್ಕೆ ಆರು ಲೆಕ್ಕಕ್ಕೆ ಬರುವುದಿಲ್ಲ. ವಾಪಸ್ ತಂದ ದಿನ ತುಕ್ಕು ಹಿಡಿದಿದೆಯಾ, ಗುಂಡಿನ ಮನೆ ಸರಿಯಾಗಿ ತಿರುಗುತ್ತದೆಯಾ ಅಂತ ನೋಡಿ, ಎಣ್ಣೆ ಹಾಕಿ ಒರೆಸಿ. ಗುಂಡು ತುಂಬುವ ಮೊದಲು ಪರೀಕ್ಷೆ ಮತ್ತೆ ಒಂದರಿಂದ ಶುರು.