‘ಅಲೌಡ್’ ಎಂದರೆ ಜೋರಾಗಿಯೇ?

ಇಂಗ್ಲಿಷಿನ ‘ಅಲೌಡ್’ ಎಂಬ ಕ್ರಿಯಾವಿಶೇಷಣಕ್ಕೆ ‘ಜೋರಾಗಿ’ ಎಂಬುದೇ ಅರ್ಥ ಎಂದು ತಿಳಿದವರು ಬಹಳ. ಪದದ ಒಳಗೇ ‘ಲೌಡ್’ ಕೂತಿರುವಾಗ ಹಾಗೆ ಅನ್ನಿಸುವುದು ಸಹಜ. ಆದರೆ ಇಂದಿನ ಬಳಕೆಯಲ್ಲಿ ಅದು ದನಿ ಎಷ್ಟು ಎತ್ತರ ಎಂಬುದನ್ನು ಹೇಳುವುದಿಲ್ಲ. ಮಾತು ಕಿವಿಗೆ ಬೀಳುವಂತೆ ಬಾಯಿಂದ ಹೊರಟಿತು ಎಂದಷ್ಟೇ ಹೇಳುತ್ತದೆ. ಅದಕ್ಕೆ ವಿರುದ್ಧವಾದದ್ದು ‘ಮೆಲ್ಲಗೆ’ ಅಲ್ಲ, ‘ಮನಸ್ಸಿನಲ್ಲೇ’. ತರಗತಿಯಲ್ಲಿ ‘ರೀಡ್ ಇಟ್ ಅಲೌಡ್’ ಎಂದರೆ ಬರೀ ಕಣ್ಣಾಡಿಸಬೇಡ, ಬಾಯಿಬಿಟ್ಟು ಓದು ಎಂದರ್ಥ. ಮಗುವನ್ನು ಮಲಗಿಸುತ್ತ ತಗ್ಗಿದ ದನಿಯಲ್ಲಿ ಕಥೆ ಓದಿದರೂ ಅದಕ್ಕೆ ‘ಅಲೌಡ್’ ಸಲ್ಲುತ್ತದೆ. ದನಿಯ ಜೋರನ್ನೇ ಹೇಳಬೇಕಾದರೆ ‘ಲೌಡ್ಲಿ’ ಬೇಕು. ಗೊರಕೆ ಹೊಡೆಯುವುದು ‘ಲೌಡ್ಲಿ’. ಯಾರೂ ‘ಅಲೌಡ್’ ಗೊರಕೆ ಹೊಡೆಯುವುದಿಲ್ಲ.

ಕನ್ನಡಿಗರ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ‘ಗಟ್ಟಿಯಾಗಿ’ ಎರಡೂ ಕಡೆ ದುಡಿಯುತ್ತದೆ. ಮೌನ ಓದಿಗೆ ಎದುರಾದ ಗಟ್ಟಿ ಓದು ‘ಅಲೌಡ್’. ಹಿಂದಿನ ಬೆಂಚಿಗೆ ಕೇಳಿಸಲಿಲ್ಲವೆಂದು ‘ಇನ್ನೂ ಗಟ್ಟಿಯಾಗಿ’ ಎಂದರೆ ಅದು ‘ಲೌಡರ್’. ಬಾಯಿಬಿಟ್ಟು ಓದುವುದರಲ್ಲಿ ಹೆಚ್ಚುಕಡಿಮೆ ಎಂಬುದಿಲ್ಲ, ಆದ್ದರಿಂದ ‘ಮೋರ್ ಅಲೌಡ್’ ಸಲ್ಲದು. ‘ಅಲೌಡ್ ವಾಯ್ಸ್’ ಎಂಬುದೂ ತಪ್ಪು. ಅಲ್ಲಿ ‘ಲೌಡ್’ ಸಾಕು.

ಹಾಗೆಂದು ‘ಜೋರಾಗಿ’ ಎಂಬ ಅರ್ಥ ಕಲಿಯುವವರ ಕಲ್ಪನೆಯೇನಲ್ಲ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಪದ ಹುಟ್ಟಿದ್ದೇ ಆ ಅರ್ಥದಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲಿನ ‘ಕ್ರೈ ಅಲೌಡ್’ ದನಿ ಎತ್ತಿ ಕೂಗುವುದೇ ಹೌದು. ಕೂಗು, ಚೀರಾಟಗಳ ಜೊತೆ ಆ ಹಳೆಯ ಅರ್ಥ ಇಂದಿಗೂ ಅಂಟಿಕೊಂಡಿದೆ. ಅತ್ತ ‘ಥಿಂಕಿಂಗ್ ಅಲೌಡ್’ನಲ್ಲಿ ಜೋರಿನ ಸುಳಿವೇ ಇಲ್ಲ: ಇನ್ನೂ ತೀರ್ಮಾನವಾಗದ ಯೋಚನೆಯನ್ನು ಮಾತಾಗಿ ಆಡುತ್ತಿರುವುದು, ಅಷ್ಟೇ.

‘ಔಟ್ ಲೌಡ್’ ಅಶುದ್ಧ ಎಂಬ ಮಾತು ಹಳೆಯ ಮಡಿವಂತಿಕೆ. ಹತ್ತೊಂಬತ್ತನೆಯ ಶತಮಾನದಿಂದ ಬಳಕೆಯಲ್ಲಿರುವ ಅದನ್ನು ಇಂದಿನ ನಿಘಂಟುಗಳು ‘ಅಲೌಡ್’ಗೆ ಸಮಾನವಾಗಿಯೇ ಕೊಡುತ್ತವೆ, ಗಂಭೀರ ಬರಹದಲ್ಲಿ ‘ಅಲೌಡ್’ ತುಸು ಮೇಲು, ಅಷ್ಟೇ. ಮೊಬೈಲಿನ ‘ಎಲ್‌ಓಎಲ್’ ಬಿಡಿಸಿದರೆ ಸಿಗುವುದೂ ಇದೇ ‘ಔಟ್ ಲೌಡ್’. ‘ಡೋಂಟ್ ಟಾಕ್ ಸೋ ಲೌಡ್’ ಕೂಡ ತಪ್ಪಲ್ಲ. ಹಳೆಯ ಇಂಗ್ಲಿಷಿನಿಂದಲೂ ‘ಲೌಡ್’ ಕ್ರಿಯಾವಿಶೇಷಣವಾಗಿ ನಡೆದುಬಂದಿದೆ.

ನಿಜವಾದ ತಪ್ಪು ನಡೆಯುವುದು ಕಾಗುಣಿತದಲ್ಲಿ. ‘ಅನುಮತಿ ಇದೆ’ ಎಂಬರ್ಥದ ‘ಅಲೌಡ್’ ಬೇರೆ ಪದ, ಉಚ್ಚಾರಣೆ ಮಾತ್ರ ಒಂದೇ. ‘ಧೂಮಪಾನಕ್ಕೆ ಅನುಮತಿ ಇಲ್ಲ’ ಎಂಬ ಫಲಕದಲ್ಲಿ ಒಂದರ ಬದಲು ಇನ್ನೊಂದು ಬಿದ್ದರೆ ಕಂಪ್ಯೂಟರಿನ ಸಾಮಾನ್ಯ ಕಾಗುಣಿತ ಪರೀಕ್ಷೆಯೂ ತಡೆಯುವುದಿಲ್ಲ, ಎರಡೂ ನಿಘಂಟಿನಲ್ಲಿರುವ ಪದಗಳೇ.